ಬಿಡಿ, ಬಿಡು, ಬಿಡೋಣ: ಒತ್ತಡ ಇಳಿಸಲು ನಾನು ಮಾಡಿಕೊಂಡ ಕನ್ನಡ ರೆಕಾರ್ಡಿಂಗ್

ಒತ್ತಡ ಕಡಿಮೆ ಮಾಡುವ ಆ್ಯಪ್‌ಗಳಲ್ಲಿ ದನಿ ಚೆನ್ನಾಗಿಯೇ ಇರುತ್ತದೆ. ಆದರೆ ನನ್ನ ಆಫೀಸಿನ ತಗಾದೆ, ತಕರಾರು, ಡೆಡ್‌ಲೈನ್ ಎಲ್ಲ ಬರುವುದು ಇಂಗ್ಲಿಷಿನಲ್ಲೇ. ರಾತ್ರಿ ಮಲಗಿ ಮತ್ತೆ ಇಂಗ್ಲಿಷ್ ಕೇಳಿದರೆ ಮೈ ತಾನಾಗೇ ಬಿಗಿಯಾಗುತ್ತಿತ್ತು. ಅದಕ್ಕೇ ಮೈ ಸಡಿಲಿಸುವ ಸೂಚನೆಗಳನ್ನು ನನ್ನ ದನಿಯಲ್ಲೇ, ಕನ್ನಡದಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ವಿಧಾನ ಹಳೆಯದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ರೂಪಿಸಿದ್ದು. ಮುಷ್ಟಿ, ತೋಳು, ಹುಬ್ಬು, ದವಡೆ, ಭುಜ, ಹೊಟ್ಟೆ, ಕಾಲು ಹೀಗೆ ಒಂದೊಂದನ್ನೇ ಐದಾರು ಸೆಕೆಂಡು ಬಿಗಿ ಹಿಡಿದು ಸಡಿಲ ಬಿಡುವುದು. ಬಿಟ್ಟ ಮೇಲೆ ಜಾಸ್ತಿ ಹೊತ್ತು ಸುಮ್ನೆ ಇರಬೇಕು. ಅವಸರ ಮಾಡಿದರೆ ಬರೀ ಕಸರತ್ತು.

ತಲೆ ಕೆಡಿಸಿದ್ದು ಹೇಳುವ ರೀತಿ. ‘ಭುಜಗಳನ್ನು ಸಡಿಲಗೊಳಿಸಿ’ ಅಂದಾಗ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿದ ಹಾಗಾಯಿತು. ‘ಬಿಡು’ ಅಂದರೆ ಗದರಿಕೆ. ಕೊನೆಗೆ ‘ಮುಷ್ಟಿ ಬಿಗಿ ಮಾಡೋಣ... ಹಾಂ, ಈಗ ಬಿಡೋಣ’ ಅಂದೆ. ಪಕ್ಕದಲ್ಲಿ ಯಾರೋ ಕೂತು ಜೊತೆಗೇ ಮಾಡುತ್ತಿದ್ದಾರೆ ಅನ್ನಿಸಿತು. ಈಗಲೂ ಅದನ್ನೇ ಕೇಳುತ್ತೇನೆ.

‘ನಾನು ನನ್ನನ್ನು ಸಂಪೂರ್ಣವಾಗಿ ಒಪ್ಪಿಕೊಳ್ಳುತ್ತೇನೆ’ ಅನ್ನುವಂಥ ವಾಕ್ಯಗಳನ್ನು ಮಾತ್ರ ಸೇರಿಸಲಿಲ್ಲ. ನಮ್ಮ ಮನೆಗಳಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಅಮ್ಮ ಹೇಳುತ್ತಿದ್ದ ‘ಆಯ್ತು ಬಿಡು, ನಾಳೆ ನೋಡೋಣ’ ಸಾಕಾಯಿತು.

ಒತ್ತಡ ಇಳಿಸಲು ಬರೆಯುವುದನ್ನೂ ಮಾಡಿ ನೋಡಿದೆ. ಅಲ್ಲಿ ಮಾತ್ರ ಲೆಕ್ಕ ತಿರುಗಿತು, ಕನ್ನಡವೇ ಕಷ್ಟವಾಯಿತು. ಮನಸ್ಸನ್ನು ಕೊರೆಯುವುದನ್ನು ದಿನಕ್ಕೆ ಹದಿನೈದು ನಿಮಿಷ, ನಾಲ್ಕು ದಿನ ಬರೆಯುವ ಪದ್ಧತಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರದು. ಆ ಪ್ರಯೋಗ ಪ್ರಕಟವಾಗಿದ್ದು 1986ರಲ್ಲಿ. ಅಣ್ಣನ ಜೊತೆ ಆಸ್ತಿಗಾಗಿ ಆದ ಜಗಳವನ್ನು ಕನ್ನಡದಲ್ಲಿ ಬರೆಯಲು ಕೂತೆ. ಅವನು ಅಂದ ಮಾತು ಅಂದ ಹಾಗೇ ಕಾಗದದ ಮೇಲೆ ಬಂತು. ಎದೆ ಬಡಿದುಕೊಂಡು ಮುಂದೆ ಬರೆಯಲಾಗಲಿಲ್ಲ. ಇದು ನನ್ನೊಬ್ಬನ ಕಥೆಯಲ್ಲ. ಮನೆಯಲ್ಲಿ ಟರ್ಕಿಶ್ ಆಡುತ್ತ ಬೆಳೆದು ಇಂಗ್ಲಿಷ್ ಆಮೇಲೆ ಕಲಿತವರ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಚಿಕ್ಕಂದಿನ ಬೈಗುಳ ಟರ್ಕಿಶ್‌ನಲ್ಲಿ ಕಿವಿಗೆ ಬಿದ್ದಾಗ ಅವರ ಚರ್ಮದ ವಿದ್ಯುತ್ ಪ್ರತಿಕ್ರಿಯೆ (ಮನಸ್ಸು ಕದಡಿದಾಗ ಬೆವರಿನಿಂದ ಏರುವಂಥದ್ದು) ಇಂಗ್ಲಿಷಿಗಿಂತ ಜೋರಾಗಿತ್ತು.

ಹಾಗಾಗಿ ಜಗಳದ ಭಾಗವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದೆ, ವರದಿ ಒಪ್ಪಿಸುವವನ ಥರ. ಯಾರು ಏನಂದರು, ಆಮೇಲೆ ಏನಾಯಿತು, ಅಷ್ಟೇ. ಬಿಸಿ ಆರಿದ ಮೇಲೆ ಕನ್ನಡಕ್ಕೆ ಬಂದೆ. ಇಂಗ್ಲಿಷಿನಲ್ಲೇ ನಿಲ್ಲಿಸಿದ್ದರೆ ಸಿಟ್ಟು ಮಾತ್ರ ಸಿಗುತ್ತಿತ್ತು. ಅಣ್ಣ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದದ್ದು ಕನ್ನಡದಲ್ಲಿ ಬರೆದಾಗಲೇ ನೆನಪಾಯಿತು. ಮೈ ಸಡಿಲಿಸಲು ಮನೆಮಾತು ಸರಿ. ತುಂಬಾ ಸುಡುವ ವಿಷಯಕ್ಕೆ ಮೊದಲು ದೂರದ ಭಾಷೆಯೇ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ರೆಕಾರ್ಡಿಂಗ್ ನೆಚ್ಚಿಕೊಂಡು ಕೂರಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.