ಎಂ.ಎ. ರಾಜ್ಯಶಾಸ್ತ್ರ: ಗೈಡ್ ಪಕ್ಕಕ್ಕಿಟ್ಟು ಓದಿದ ಕ್ರಮ

ತುಮಕೂರು ವಿಶ್ವವಿದ್ಯಾನಿಲಯಕ್ಕಾಗಲಿ, ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕಾಗಲಿ ರಾಜ್ಯಶಾಸ್ತ್ರ ಎಂ.ಎ.ಗೆ ಸೇರುವ ಬಹಳಷ್ಟು ಮಂದಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಬಂದವರು. ಕೈಯಲ್ಲಿರುವುದು ಒಂದು ಗೈಡ್, ಜೊತೆಗೆ ಸೀನಿಯರ್‌ಗಳ ನೋಟ್ಸಿನ ಜೆರಾಕ್ಸ್. ಪಾಸಾಗಲು ಅಷ್ಟು ಸಾಕು. ಆದರೆ ಆ ನೋಟ್ಸಿನಲ್ಲಿ ವಿಧಿಯ ಸಂಖ್ಯೆ ಇದ್ದ ಕಡೆ ವರ್ಷ ಇರುವುದಿಲ್ಲ, ವರ್ಷ ಇದ್ದ ಕಡೆ ಯಾವ ಕಾಯ್ದೆ ಎಂಬುದಿರುವುದಿಲ್ಲ. ಹಾಗಾಗಿ ನಾನು ಒಂದು ಪದ್ಧತಿ ಇಟ್ಟುಕೊಂಡೆ: ನೋಟ್ಸಿನ ಪ್ರತಿ ಹೇಳಿಕೆಯನ್ನೂ ಅದರ ಮೂಲ ದಾಖಲೆಯವರೆಗೆ ಹುಡುಕಿಕೊಂಡು ಹೋಗುವುದು, ಆದಷ್ಟೂ ನಮ್ಮ ಜಿಲ್ಲೆಯ ದಾಖಲೆಯನ್ನೇ ಎದುರಿಗಿಟ್ಟುಕೊಳ್ಳುವುದು.

ಗ್ರಾಮಸಭೆಯನ್ನೇ ತೆಗೆದುಕೊಳ್ಳಿ. '73ನೇ ತಿದ್ದುಪಡಿ ಗ್ರಾಮಸಭೆಗೆ ಅಧಿಕಾರ ಕೊಟ್ಟಿತು' ಎಂದು ಗೈಡು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಸಂವಿಧಾನದ 243ಎ ವಿಧಿ ತೆಗೆದು ನೋಡಿದರೆ ಅಲ್ಲಿರುವುದು ಇಷ್ಟೇ: ಗ್ರಾಮಸಭೆ ಯಾವ ಅಧಿಕಾರ ಚಲಾಯಿಸಬಹುದು ಎಂಬುದನ್ನು ರಾಜ್ಯ ಶಾಸಕಾಂಗ ಕಾನೂನು ಮಾಡಿ ಗೊತ್ತುಪಡಿಸಬಹುದು. ಅಂದಮೇಲೆ ಅಧಿಕಾರ ಎಷ್ಟು ಸಿಕ್ಕಿದೆ ಎಂದು ತಿಳಿಯಲು ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಗೇ ಹೋಗಬೇಕು. 2015ರ ತಿದ್ದುಪಡಿಯಿಂದ ಅದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವಾಗಿದೆ. ಲೈಬ್ರರಿಯ ಹಳೇ ಪ್ರತಿ ಹಿಡಿದು ಓದಿದರೆ ಪ್ರಕರಣಗಳು ತಾಳೆಯಾಗುವುದಿಲ್ಲ. ಮಹಿಳಾ ಮೀಸಲಾತಿಯೂ ಹೀಗೆಯೇ: ಸಂವಿಧಾನದ 243ಡಿ ಹೇಳುವುದು ಮೂರನೇ ಒಂದಕ್ಕೆ ಕಡಿಮೆಯಾಗದಂತೆ ಎಂದು, ಕರ್ನಾಟಕದ ಕಾಯ್ದೆ ಕೊಟ್ಟಿರುವುದು ಅರ್ಧ. ಅದಕ್ಕೂ ಹಿಂದೆ, 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯ್ತಿ ಮತ್ತು ಜಿಲ್ಲಾ ಪರಿಷತ್ ಚುನಾವಣೆ ನಡೆದಾಗಲೇ ಇಲ್ಲಿ ಶೇ. 25ರಷ್ಟು ಮಹಿಳಾ ಮೀಸಲಾತಿ ಇತ್ತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಹೆಸರು ಬರೆಯುವವರು ಈ ಎರಡು ಇಸವಿಗಳನ್ನು ಬರೆಯದಿದ್ದರೆ ಉತ್ತರ ಅರ್ಧವೇ. ನೋಟ್‌ಬುಕ್ಕಿನ ಪುಟವನ್ನು ಮೂರು ಕಾಲಂ ಮಾಡಿ: ಸಂವಿಧಾನದ ವಿಧಿ, ರಾಜ್ಯ ಕಾಯ್ದೆಯ ಪ್ರಕರಣ, ಊರಿನಲ್ಲಿ ನಡೆಯುವುದು. ಮೂರನೆಯ ಕಾಲಂ ಬಹುಕಾಲ ಖಾಲಿ ಇರುತ್ತದೆ, ಇರಲಿ.

ತೀರ್ಪುಗಳ ವಿಷಯದಲ್ಲಿ ನಾನು ಹೆಚ್ಚು ಸಮಯ ಕೊಟ್ಟಿದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣಕ್ಕೆ. ನಮ್ಮದೇ ರಾಜ್ಯದ ಮುಖ್ಯಮಂತ್ರಿಯಾಗಿದ್ದವರದ್ದು, ಆದರೂ '356ನೇ ವಿಧಿಯ (ರಾಷ್ಟ್ರಪತಿ ಆಳ್ವಿಕೆ) ದುರ್ಬಳಕೆ ತಡೆದ ತೀರ್ಪು' ಎಂದಷ್ಟೇ ಬರೆದು ಮುಂದೆ ಹೋಗುವವರೇ ಜಾಸ್ತಿ. ಒಂಬತ್ತು ನ್ಯಾಯಮೂರ್ತಿಗಳ ಪೀಠದ ಪೂರ್ತಿ ತೀರ್ಪು ಓದುವ ಅಗತ್ಯವಿಲ್ಲ, ಕರ್ನಾಟಕದ ಸಂಗತಿಗಳಿರುವ ಭಾಗ ಸಾಕು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಮಂದಿ ಆಮೇಲೆ ತಿರುಗಿಬಿದ್ದು ಸರ್ಕಾರದ ಪರ ಪತ್ರ ಬರೆದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಹೇಳಿದರೂ ಕೇಳದೆ ಏಪ್ರಿಲ್ 21ರಂದು ಸರ್ಕಾರವನ್ನು ವಜಾ ಮಾಡಲಾಯಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂಬ ತತ್ವ ಈ ಸಂಗತಿಗಳಿಂದಲೇ ಬಂತು. ತೀರ್ಪು ಬಂದದ್ದು 1994ರ ಮಾರ್ಚ್ 11ಕ್ಕೆ. ಅಷ್ಟರಲ್ಲಿ ಚುನಾವಣೆ ನಡೆದು ಹೊಸ ಸರ್ಕಾರವೇ ಬಂದಿತ್ತು, ಆದ್ದರಿಂದ ವಜಾ ತಪ್ಪೆಂದಾದರೂ ಬೊಮ್ಮಾಯಿ ಸರ್ಕಾರ ಮರಳಲಿಲ್ಲ. ತತ್ವ ಗೆದ್ದರೂ ಪರಿಹಾರ ಸಿಗಲಿಲ್ಲ ಎಂಬ ಈ ಅಂಶವನ್ನು ಬರೆದವರ ಉತ್ತರ ಉಳಿದ ಉತ್ತರಗಳ ನಡುವೆ ಎದ್ದು ಕಾಣುತ್ತದೆ.

ಪಾಶ್ಚಾತ್ಯ ಚಿಂತಕರನ್ನು ನಾನು ಬೇಗ ದಾಟಿದೆ. ಒಬ್ಬೊಬ್ಬರಿಗೂ ಒಂದೇ ಪುಟ: ಅವರ ಕಾಲದ ಜಗಳ ಯಾವುದು, ಅವರು ಯಾರ ವಿರುದ್ಧ ಬರೆದರು, ವಾದ ಏನು, ಆ ವಾದ ಎಲ್ಲಿ ಸೋಲುತ್ತದೆ. 1640ರ ದಶಕದ ಇಂಗ್ಲೆಂಡಿನ ಅಂತರ್ಯುದ್ಧ ಗೊತ್ತಿಲ್ಲದೆ ಹಾಬ್ಸ್‌ನನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಭಾರತೀಯ ಚಿಂತನೆಯಲ್ಲಿ ಒಂದನ್ನಂತೂ ನೇರವಾಗಿ ಓದಲೇಬೇಕು, ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಮಾಡಿದ ಭಾಷಣ. ಮೈಸೂರು ಸಂಸ್ಥಾನದ ಭಾಗಕ್ಕೆ 1881ರ ಪ್ರಜಾಪ್ರತಿನಿಧಿ ಸಭೆ, ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ಬಗ್ಗೆ ವರದಿ ಕೊಟ್ಟ ಮಿಲ್ಲರ್ ಸಮಿತಿ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರ್, ಈ ಮೂರನ್ನು ಒಂದೇ ಸರಣಿಯಾಗಿ ಓದಿಕೊಂಡರೆ ಜವಾಬ್ದಾರಿ ಸರ್ಕಾರದ (ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರದ) ಬೇಡಿಕೆ ಹೇಗೆ ಬೆಳೆಯಿತೆಂಬುದು ತಿಳಿಯುತ್ತದೆ.

ಹೆಚ್ಚು ಕೆಲಸ ಇರುವುದು ಪ್ರಾಜೆಕ್ಟಿನಲ್ಲಿ. ಚುನಾವಣೆಯ ವಿಷಯ ಆರಿಸಿಕೊಂಡವರು ಮೊದಲು ಗಡಿ ಸರಿಮಾಡಿಕೊಳ್ಳಬೇಕು. ತುಮಕೂರು ಜಿಲ್ಲೆಯಲ್ಲಿ 11 ವಿಧಾನಸಭಾ ಕ್ಷೇತ್ರಗಳಿವೆ, ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರಿರುವುದು 8 ಮಾತ್ರ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ, ಶಿರಾ ಮತ್ತು ಪಾವಗಡ ಚಿತ್ರದುರ್ಗಕ್ಕೆ ಹೋಗುತ್ತವೆ. ಶಿಡ್ಲಘಟ್ಟ, ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಯವು, ಆದರೆ ಲೋಕಸಭೆಗೆ ಮತ ಹಾಕುವುದು ಕೋಲಾರಕ್ಕೆ. ಚಿಕ್ಕಬಳ್ಳಾಪುರ ಜಿಲ್ಲೆಯೇ 2007ರಲ್ಲಿ ಆದದ್ದು, ಅದಕ್ಕಿಂತ ಹಿಂದಿನ ಅಂಕಿಅಂಶವೆಲ್ಲ ಕೋಲಾರದ ಲೆಕ್ಕದಲ್ಲಿ ಸಿಗುತ್ತದೆ. 2008ರ ವಿಧಾನಸಭಾ ಚುನಾವಣೆ ನಡೆದದ್ದು ಪುನರ್ವಿಂಗಡಣೆಯ ಹೊಸ ಗಡಿಗಳಲ್ಲಿ. ಕಳ್ಳಂಬೆಳ್ಳ, ಬೆಳ್ಳಾವಿ, ಹುಲಿಯೂರುದುರ್ಗ, ವೇಮಗಲ್, ಬೇತಮಂಗಲ ಕ್ಷೇತ್ರಗಳು ಆಗ ಇಲ್ಲವಾದವು. 2004 ಮತ್ತು 2008ರ ಶೇಕಡಾವಾರು ಮತಗಳನ್ನು ಅಕ್ಕಪಕ್ಕ ಇಟ್ಟು 'ಪಕ್ಷ ಬೆಳೆಯಿತು' ಎಂದು ಬರೆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಮತಗಟ್ಟೆವಾರು ಫಲಿತಾಂಶ ಫಾರಂ 20ರಲ್ಲಿ ಸಿಗುತ್ತದೆ, ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ. ಬಹಳಷ್ಟು ಸ್ಕ್ಯಾನ್ ಮಾಡಿದ ಹಾಳೆಗಳು. ಎಕ್ಸೆಲ್‌ಗೆ ಕೈಯಲ್ಲೇ ಹೊಡೆಯಬೇಕು. ಒಂದು ಸಾಲಿನಲ್ಲಿ ಮತಗಟ್ಟೆ ಸಂಖ್ಯೆ, ಪ್ರತಿ ಅಭ್ಯರ್ಥಿಯ ಮತ, ಸಿಂಧುವಾದ ಒಟ್ಟು ಮತ, ನೋಟಾ, ಒಟ್ಟು. ಅಡ್ಡಕ್ಕೂ ಉದ್ದಕ್ಕೂ ಕೂಡಿಸಿ ತಾಳೆ ನೋಡಿ; ಕೊನೆಯಲ್ಲಿರುವ ಅಂಚೆ ಮತಗಳು ಯಾವ ಮತಗಟ್ಟೆಗೂ ಸೇರುವುದಿಲ್ಲ, ಅವನ್ನು ಬಿಟ್ಟರೆ ಮೊತ್ತ ಹೊಂದುವುದಿಲ್ಲ. ಯಾರ ಠೇವಣಿ ಹೋಯಿತು ಎಂಬ ಲೆಕ್ಕಕ್ಕೆ ಸಿಂಧು ಮತಗಳ ಆರನೇ ಒಂದು ಭಾಗ ಹಿಡಿಯುವಾಗ ನೋಟಾ ಸೇರಿಸಬಾರದು. ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಮತಗಟ್ಟೆ ಸಂಖ್ಯೆ ಬದಲಾಗುತ್ತದೆ, ಆದ್ದರಿಂದ ಸಂಖ್ಯೆ ನೋಡಿ ಹೋಲಿಸದೆ, ಮತಗಟ್ಟೆ ಪಟ್ಟಿಯಲ್ಲಿ ಊರು ಮತ್ತು ಶಾಲೆಯ ಹೆಸರು ನೋಡಿ ಹೊಂದಿಸಿ. ಈ ಶ್ರಮ ಯಾಕೆ ಅಂದರೆ, 2019ರಲ್ಲಿ ತುಮಕೂರಿನಲ್ಲಿ ದೇವೇಗೌಡರು ಸೋತದ್ದು 13,339 ಮತಗಳಿಂದ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ ಸರಾಸರಿ 1,667. ಇಷ್ಟು ಸಣ್ಣ ಅಂತರಕ್ಕೆ ಜಾತಿ ಲೆಕ್ಕಾಚಾರವೊಂದೇ ಕಾರಣ ಎಂದು ಹೇಳುವ ಮೊದಲು ಮತಗಟ್ಟೆ ಮಟ್ಟಕ್ಕೆ ಇಳಿದು ನೋಡಲೇಬೇಕು.

ಗ್ರಾಮ ಪಂಚಾಯ್ತಿ ಚುನಾವಣೆಗೆ ಈ ದಾರಿ ನಡೆಯುವುದಿಲ್ಲ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಪತ್ರಿಕೆಯಲ್ಲಿ ಬರುವ 'ಬೆಂಬಲಿತ' ಅಭ್ಯರ್ಥಿಗಳ ಸಂಖ್ಯೆ ಎಲ್ಲ ಪಕ್ಷಗಳದ್ದೂ ಸೇರಿಸಿದರೆ ಕೆಲವೊಮ್ಮೆ ಒಟ್ಟು ಸ್ಥಾನಗಳನ್ನೇ ಮೀರುತ್ತದೆ! ಅದನ್ನು ಪಕ್ಷಗಳ ಹೇಳಿಕೆ ಎಂದೇ ನಮೂದಿಸಿ.

ಪಂಚಾಯ್ತಿ ದಾಖಲೆಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯೇ ಗಟ್ಟಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 'ಗ್ರಾಮಸಭೆ ಸರಿಯಾಗಿ ಯಾಕೆ ನಡೆಯುತ್ತಿಲ್ಲ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. '1-4-2021ರಿಂದ 31-3-2024ರವರೆಗೆ ನಡೆದ ಗ್ರಾಮಸಭೆಗಳ ನಡಾವಳಿ ಮತ್ತು ಹಾಜರಾತಿಯ ದೃಢೀಕೃತ ಪ್ರತಿ' ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪುಟಕ್ಕೆ 2 ರೂಪಾಯಿಯಂತೆ ಬಿಲ್ ಏರುತ್ತದೆ, ಹಾಗಾಗಿ ಮೊದಲು ಕಡತ ಪರಿಶೀಲನೆ ಕೇಳಿ, ಬೇಕಾದ ಪುಟಗಳನ್ನಷ್ಟೇ ಪ್ರತಿ ಮಾಡಿಸಿ.

ನಡಾವಳಿ ಪುಸ್ತಕ ಓದುವುದಕ್ಕೂ ಅಭ್ಯಾಸ ಬೇಕು. ಬಹುತೇಕ ಠರಾವು 'ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು' ಎಂದೇ ಮುಗಿಯುತ್ತದೆ. ಯಾರು ಎದ್ದು ನಿಂತು ಜಗಳವಾಡಿದರು ಎಂಬುದು ಅಲ್ಲಿರುವುದಿಲ್ಲ. ಹಾಜರಾತಿ ಹಾಳೆಯಲ್ಲಿ ಸಹಿ ಎಷ್ಟು, ಹೆಬ್ಬೆಟ್ಟು ಎಷ್ಟು, ಹೆಂಗಸರು ಎಷ್ಟು ಎಂದು ಎಣಿಸಿ, ಆ ದಿನದ ವಿಷಯಪಟ್ಟಿಯ ಪಕ್ಕಕ್ಕಿಡಿ. ಮನೆ ಫಲಾನುಭವಿಗಳ ಆಯ್ಕೆ ಇದ್ದ ದಿನ ಮತ್ತು ಬರೀ ಕ್ರಿಯಾಯೋಜನೆ ಇದ್ದ ದಿನದ ವ್ಯತ್ಯಾಸವೇ ಒಂದು ಅಧ್ಯಾಯಕ್ಕೆ ಸಾಮಗ್ರಿ. ಠರಾವುಗಳನ್ನು ನೀರು, ಬೀದಿದೀಪ, ಚರಂಡಿ, ವಸತಿ, ಉದ್ಯೋಗ ಖಾತ್ರಿ ಎಂದು ವಿಂಗಡಿಸಿ ಕೋಷ್ಟಕ ಮಾಡಿ. ಒಂದಾದರೂ ಗ್ರಾಮಸಭೆಯಲ್ಲಿ ಖುದ್ದಾಗಿ ಕೂತು ನಿಮ್ಮ ಟಿಪ್ಪಣಿಯನ್ನು ಅದರ ನಡಾವಳಿಯೊಂದಿಗೆ ಹೋಲಿಸಿ. ಖಾಲಿ ಬಿಟ್ಟ ಮೂರನೇ ಕಾಲಂ ತುಂಬುವುದು ಇಲ್ಲಿ.

ಸಂದರ್ಶನದಲ್ಲಿ ಕೆಡುವುದು ಎರಡು ಕಡೆ. ಮಹಿಳಾ ಸದಸ್ಯರನ್ನು ಕೇಳಿದ ಪ್ರಶ್ನೆಗೆ ಗಂಡನೋ ಮಗನೋ ಉತ್ತರಿಸುವುದು ಮೊದಲನೆಯದು. ಪಂಚಾಯ್ತಿ ಕಚೇರಿಗಿಂತ ಸ್ವಸಹಾಯ ಸಂಘದ ಸಭೆಯ ಹೊತ್ತು ವಾಸಿ, ಸಹಪಾಠಿ ಹುಡುಗಿಯರು ಕೇಳಿದರೆ ಇನ್ನೂ ಒಳ್ಳೆಯದು. ಗಂಡನೇ ಉತ್ತರಿಸಿದರೆ ಹಾಗೆಂದೇ ಬರೆದುಕೊಳ್ಳಿ, ಅದೂ ಮಾಹಿತಿಯೇ. ಎರಡನೆಯದು ಭಾಷೆ: ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಮಾತು ತೆಲುಗಾಗಿರುವವರು ತುಂಬ ಜನ. ಪ್ರಶ್ನಾವಳಿಯನ್ನು ಕನ್ನಡ ಲಿಪಿಯಲ್ಲೇ ತೆಲುಗಿನಲ್ಲಿ ಬರೆದುಕೊಂಡು ಹೋಗಿ. ಅಲ್ಲೇ ನಿಂತು ಅನುವಾದಿಸಿದರೆ ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆಯಾಗುತ್ತದೆ. ಇನ್ನು ಶಿಡ್ಲಘಟ್ಟ, ಚಿಂತಾಮಣಿ ಸೀಮೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದು) ಎದ್ದ ಮೇಲೆ ಯಾರ ಮನೆಗೂ ಹೋಗಬೇಡಿ. ಹುಳು ಆಗ ಹೆಚ್ಚು ಮೇಯುವುದರಿಂದ ಹಿಪ್ಪುನೇರಳೆ ಸೊಪ್ಪು ಹಾಕುವವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಕೆ-ಸೆಟ್‌ಗೆ (ಸಹಾಯಕ ಪ್ರಾಧ್ಯಾಪಕ ಹುದ್ದೆಯ ರಾಜ್ಯ ಅರ್ಹತಾ ಪರೀಕ್ಷೆ) ಬೇರೆ ಓದು ಬೇಕಾಗುವುದು ಬೋಧನೆ-ಸಂಶೋಧನೆಯ ಸಾಮಾನ್ಯ ಸಾಮರ್ಥ್ಯ ನೋಡುವ ಮೊದಲ ಪತ್ರಿಕೆಗೆ ಮಾತ್ರ, ಅದು 50 ಪ್ರಶ್ನೆ. ಎರಡನೆಯದು ವಿಷಯದ್ದು, 100 ಪ್ರಶ್ನೆ. ಒಟ್ಟು 3 ಗಂಟೆ, ಪ್ರಶ್ನೆಗೆ 2 ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಬೇಡಿ. ಕಾಲಾನುಕ್ರಮದಲ್ಲಿ ಜೋಡಿಸುವ ಪ್ರಶ್ನೆಗಳಿಗೆ ಅದೇ ಮೂರು ಕಾಲಂ ನೋಟ್‌ಬುಕ್ಕಿನ ಇಸವಿಗಳನ್ನು ಒಂದು ಹಾಳೆಗೆ ಇಳಿಸಿಕೊಂಡರೆ ಆಯಿತು.