ಮಾಸ್ ಎಫೆಕ್ಟ್‌ನ ಏಳು ಕಾದಂಬರಿಗಳನ್ನು ನಾನು ಸಾಲಾಗಿ ಜೋಡಿಸಿದ್ದು

ಬಯೋವೇರ್ ಕಂಪನಿಯ ಮಾಸ್ ಎಫೆಕ್ಟ್ ಎಂಬ ಬಾಹ್ಯಾಕಾಶದ ವಿಡಿಯೋ ಗೇಮ್‌ಗಳ ಲೋಕದಲ್ಲಿ 2007ರಿಂದ 2018ರವರೆಗೆ ಏಳು ಕಾದಂಬರಿಗಳು ಬಂದಿವೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಭಾನುವಾರ ಸೇರುವ ನಮ್ಮ ಗೆಳೆಯರೆಲ್ಲ ಆಟವನ್ನು ಕರಗತ ಮಾಡಿಕೊಂಡವರೇ. ಪುಸ್ತಕದ ಮಾತು ಬಂದರೆ ಮಾತ್ರ "ಆಟ ಮಾರೋಕೆ ಬರೆಸಿದ್ದು, ಬಿಡು ಗುರು" ಅಂತಿದ್ದರು. ಆ ಮಾತು ನನಗೆ ಸರಿ ಕಾಣಲಿಲ್ಲ. ಹಾಗಂತ ಏಳನ್ನೂ ಓದಿ ಅಂದರೆ ಯಾರು ಓದುತ್ತಾರೆ? ಯಾವುದು ಮೇಲು, ಯಾವುದನ್ನು ಬಿಟ್ಟರೂ ನಡೆಯುತ್ತೆ ಅಂತ ಬಿಡಿಸಿ ಹೇಳಬೇಕಿತ್ತು.

ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದರೆ ಎಲ್ಲವೂ ಏಳು, ಏಳೂವರೆಯ ಸುತ್ತಲೇ ನಿಲ್ಲುತ್ತವೆ. ಅದಕ್ಕೇ ಎರಡೆರಡನ್ನು ಎದುರುಬದುರು ಇಟ್ಟು ನೋಡಿದೆ. ಏಳು ಪುಸ್ತಕಕ್ಕೆ 21 ಜೋಡಿ. ಪ್ರತಿ ಜೋಡಿಯಲ್ಲೂ ಒಂದನ್ನು ಆರಿಸಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡೆ.

ಕೆಳಗಿನ ಸ್ಥಾನಗಳು ಬೇಗ ಇತ್ಯರ್ಥವಾದವು. ವಿಲಿಯಂ ಡೀಟ್ಜ್ ಬರೆದ 'ಡಿಸೆಪ್ಶನ್' (2012) ಯಾವ ಜೋಡಿಯಲ್ಲೂ ಗೆಲ್ಲಲಿಲ್ಲ. ಹಿಂದೆ ಬಂದ 'ಅಸೆನ್ಶನ್' ಕಾದಂಬರಿಯಲ್ಲಿ ಆಟಿಸಂ ಇದ್ದ ಹನ್ನೆರಡರ ಹುಡುಗಿ ಜಿಲಿಯನ್, ಇಲ್ಲಿ ಕಾಲದ ಲೆಕ್ಕಕ್ಕೆ ಸಿಗದಷ್ಟು ಬೆಳೆದುಬಿಟ್ಟಿದ್ದಾಳೆ, ಆಟಿಸಂನ ಸುಳಿವೇ ಇಲ್ಲ. ಅಭಿಮಾನಿಗಳು ಇಂಥ ತಪ್ಪುಗಳ ಉದ್ದ ಪಟ್ಟಿಯನ್ನೇ ಮಾಡಿದಾಗ, ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆ ಎಂದು ಬಯೋವೇರ್ ಹೇಳಬೇಕಾಯಿತು. ಓದುಗ ಪ್ರೀತಿಯಿಂದ ನೆನಪಿಟ್ಟುಕೊಂಡ ಪಾತ್ರವನ್ನು ಬರೆಯುವವರೂ ನೆನಪಿಟ್ಟುಕೊಳ್ಳಬೇಕು. ಈ ವಿಷಯದಲ್ಲಿ ನನ್ನದು ರಾಜಿಯಿಲ್ಲ. ಅದರ ಮೇಲೆ 2017ರ ಎರಡು: ಆರನೆಯದು 'ನೆಕ್ಸಸ್ ಅಪ್‌ರೈಸಿಂಗ್', ಐದನೆಯದು ಎನ್. ಕೆ. ಜೆಮಿಸಿನ್ ಮತ್ತು ಮ್ಯಾಕ್ ವಾಲ್ಟರ್ಸ್ ಸೇರಿ ಬರೆದ 'ಇನಿಷಿಯೇಶನ್'. ನೆಕ್ಸಸ್ ಎಂಬ ಬಾಹ್ಯಾಕಾಶ ನಿಲ್ದಾಣದ ದಂಗೆ ಎಲ್ಲಿಗೆ ಮುಟ್ಟುತ್ತೆ ಅನ್ನೋದು ಆಟ ಆಡಿದವರಿಗೆ ಮೊದಲೇ ಗೊತ್ತು.

ಮೇಲಿನ ಮೂರರಲ್ಲಿ ಮಾತ್ರ ಗಂಟು ಬಿತ್ತು. 'ರೆಟ್ರಿಬ್ಯೂಷನ್' (2010) 'ಅಸೆನ್ಶನ್' (2008) ಅನ್ನು ಸೋಲಿಸಿತು, 'ಅಸೆನ್ಶನ್' 'ಅನಿಹಿಲೇಶನ್' (2018) ಅನ್ನು ಸೋಲಿಸಿತು, 'ಅನಿಹಿಲೇಶನ್' ತಿರುಗಿ 'ರೆಟ್ರಿಬ್ಯೂಷನ್' ಅನ್ನೇ ಸೋಲಿಸಿತು. ಬರೆದಿಟ್ಟ ಕಾರಣಗಳನ್ನು ಓದಿದಾಗ ವಿಷಯ ತಿಳಿಯಿತು. ಒಂದು ಕಡೆ ಭಾಷೆ ನೋಡಿ ಆರಿಸಿದ್ದೆ, ಇನ್ನೊಂದು ಕಡೆ ಕತೆಯ ಓಟ, ಮತ್ತೊಂದು ಕಡೆ ಪಾತ್ರ. ಆಗ ಒಂದೇ ಪ್ರಶ್ನೆ ಇಟ್ಟುಕೊಂಡೆ: ಆಟಕ್ಕೆ ತೋರಿಸಲು ಆಗದ ಏನನ್ನು ಈ ಪುಸ್ತಕ ತೋರಿಸುತ್ತದೆ?

ಈ ಪ್ರಶ್ನೆಗೆ 'ರೆಟ್ರಿಬ್ಯೂಷನ್' ಕೊಡುವಷ್ಟು ಗಟ್ಟಿ ಉತ್ತರ ಇನ್ಯಾವುದೂ ಕೊಡಲಿಲ್ಲ. ರೀಪರ್ ಎಂಬ, ಮನಸ್ಸನ್ನೇ ಹಿಡಿತಕ್ಕೆ ತೆಗೆದುಕೊಳ್ಳುವ ಯಂತ್ರಜೀವಿಗಳ ವಶವಾದವರನ್ನು ಆಟದಲ್ಲಿ ನಾವು ಹೊರಗಿನಿಂದಲೇ ನೋಡುತ್ತೇವೆ, ಗುಂಡು ಹೊಡೆದು ಮುಂದೆ ಹೋಗುತ್ತೇವೆ. ಇಲ್ಲಿ ಜಿಲಿಯನ್ನಳ ಸಾಕುತಂದೆ ಪಾಲ್ ಗ್ರೇಸನ್ನನ ಮೈಗೆ ರೀಪರ್ ತಂತ್ರಜ್ಞಾನ ಸೇರಿಸಿದ ಮೇಲೆ ನಾವು ಅವನ ತಲೆಯೊಳಗೇ ಇರುತ್ತೇವೆ. ಯಾವ ಯೋಚನೆ ತನ್ನದು, ಯಾವುದು ಅವುಗಳದ್ದು ಅಂತ ಅವನಿಗೇ ತಿಳಿಯದಂತಾಗುತ್ತದೆ. ಮೊದಲ ಆಟದಲ್ಲಿ ಖಳನಾಯಕ ಸರೆನ್‌ಗೆ ಏನಾಯಿತು ಅನ್ನೋದು ನನಗೆ ನಿಜಕ್ಕೂ ಅರ್ಥವಾದದ್ದು ಈ ಪುಟಗಳಲ್ಲಿ. ಇದೇ ಮೊದಲನೆಯದು.

ಎರಡನೆಯದು 'ಅಸೆನ್ಶನ್'. ತವರು ಗ್ರಹ ಕಳೆದುಕೊಂಡು ಹಡಗುಗಳಲ್ಲೇ ಬದುಕುವ ಕ್ವೇರಿಯನ್ ಎಂಬ ಅನ್ಯಗ್ರಹ ಜನಾಂಗದ ವಲಸೆ ನೌಕಾಪಡೆಯ ಬಗ್ಗೆ ಮೊದಲ ಆಟದಲ್ಲಿ ಆ ಜನಾಂಗದವಳೇ ಆದ ಟಾಲಿ ಬಾಯಿಮಾತಿನಲ್ಲಿ ಹೇಳುತ್ತಾಳಷ್ಟೆ. ಆ ಹಡಗುಗಳ ಒಳಗೆ ನಮ್ಮನ್ನು ಕರೆದೊಯ್ದದ್ದು ಎರಡನೇ ಆಟಕ್ಕಿಂತ ಮುಂಚೆಯೇ ಬಂದ ಈ ಕಾದಂಬರಿ. ಮೂರನೆಯದು ಕ್ಯಾಥರಿನ್ ವ್ಯಾಲೆಂಟಿಯವರ 'ಅನಿಹಿಲೇಶನ್'. ಏಳರಲ್ಲಿ ಭಾಷೆ ಅಂದರೆ ಇದೇ. ಇದೇ ಸರಣಿಯ 2017ರ ಆಂಡ್ರೊಮಿಡಾ ಆಟ ಕೊನೆಯಲ್ಲಿ ಕ್ವೇರಿಯನ್ ಹಡಗಿನಿಂದ ಒಂದು ಎಚ್ಚರಿಕೆಯ ಸಂದೇಶ ಕೇಳಿಸಿ ನಿಂತುಬಿಟ್ಟಿತು. ಒಬ್ಬರೇ ಆಡುವ ಕತೆಗೆ ಹೊಸ ಭಾಗ ಇಲ್ಲ ಎಂದು 2017ರಲ್ಲೇ ಘೋಷಣೆಯೂ ಆಯಿತು. ಆ ಹಡಗಿನಲ್ಲಿ ದೂರದ ಪ್ರಯಾಣಕ್ಕಾಗಿ ಶೀತನಿದ್ದೆಯಲ್ಲಿದ್ದವರು ಯಾಕೆ ಸಾಯುತ್ತಿದ್ದರು ಅನ್ನೋದನ್ನು ಹೇಳಿದ್ದು ಈ ಪುಸ್ತಕ. ನಾಲ್ಕನೆಯದು ಸೈನ್ಯಾಧಿಕಾರಿ ಆಂಡರ್ಸನ್ ಮತ್ತು ಸರೆನ್‌ರ ಹಳೇ ವೈರದ 'ರೆವೆಲೇಶನ್' (2007).

ಆಟವನ್ನೇ ಮುಟ್ಟದ ಒಬ್ಬರಾದರೂ ಓದಲಿ ಅಂತ ಮಂಡ್ಯದಲ್ಲಿ ಇಂಗ್ಲಿಷ್ ಪಾಠ ಮಾಡುವ ನಮ್ಮ ಅತ್ತಿಗೆಗೆ ನಾಲ್ಕನ್ನೂ ಕೊಟ್ಟಿದ್ದೆ. ಅವರದ್ದು ಬೇರೆಯೇ ತೀರ್ಪು. "ನಿನ್ನ ಮೊದಲನೇದನ್ನ ಓದ್ಬೇಕಾದ್ರೆ ಅದರ ಹಿಂದಿಂದು ಓದಿರ್ಬೇಕು ಕಣೋ. ಅಸೆನ್ಶನ್ ಹಂಗಲ್ಲ. ಆ ಅಪ್ಪ ಮಗಳ ಕತೆಗೆ ಯಾವ ಆಟನೂ ಬೇಕಾಗಿಲ್ಲ" ಅಂದರು. ತಾನು ನಂಬಿದ ಸಂಸ್ಥೆಗೂ ಸಾಕಿದ ಮಗಳಿಗೂ ನಡುವೆ ಗ್ರೇಸನ್ ಹರಿದುಹೋಗುವುದನ್ನು ಅವರು ಬಣ್ಣಿಸಿದ ರೀತಿ ಕೇಳಿ, ಅವರ ಮಾತಿನ ತೂಕ ಗೊತ್ತಾಯಿತು. ಆದರೂ ನನ್ನ ಪಟ್ಟಿ ಬದಲಿಸಲಿಲ್ಲ, ನನ್ನ ಪ್ರಶ್ನೆ ಆಟ ಆಡಿದವರಿಗಾಗಿ ಇಟ್ಟದ್ದು. ಓದುವ ಕ್ರಮ ಮಾತ್ರ ಅತ್ತಿಗೆ ಹೇಳಿದ್ದೇ: ಆಟ ಆಡದವರಿಗೆ 'ಅಸೆನ್ಶನ್' ಕೊಡುತ್ತೇನೆ, ಹಿಡಿಸಿದರೆ 'ರೆಟ್ರಿಬ್ಯೂಷನ್'. ಆಡಿದವರಿಗೆ 'ರೆವೆಲೇಶನ್'ನಿಂದ ಶುರು, ಗ್ರೇಸನ್ನನ ಕತೆ ಮುಗಿದಲ್ಲಿ ನಿಲ್ಲಿಸಿ, ಅಲ್ಲಿಂದ ನೇರ 'ಅನಿಹಿಲೇಶನ್'ಗೆ.