ಪಂಜರದ ಕೆಳಗಿನ ಕೆಸರನ್ನೂ ನೋಡಿ

ಅಳಿವೆಯಲ್ಲಿ ಪಂಜರ ಹಾಕಿ ಸೀಬಾಸ್, ಕೆಂಬೇರಿ ಮೀನು ಸಾಕುವವರಿಗೆ ಒಂದು ಸಲಹೆ. ಮೀನಿನ ಬೆಳವಣಿಗೆ ನೋಡುವಷ್ಟೇ ಗಮನ ಕೊಟ್ಟು ಬುಡದ ಕೆಸರನ್ನೂ ನೋಡಿ.

ತಿನ್ನದೆ ಉಳಿದ ಆಹಾರ, ಮೀನಿನ ಹಿಕ್ಕೆ ಎಲ್ಲ ಪಂಜರದ ಕೆಳಗೇ ಬೀಳುತ್ತದೆ. ನೀರಿನ ಸೆಳೆತ ಚೆನ್ನಾಗಿದ್ದರೆ ಕೊಚ್ಚಿಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಆಮೇಲೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕೆಸರಿನ ಹುಳು, ಚಿಪ್ಪು ಜೀವಿಗಳೂ ಸಾಯುತ್ತವೆ. ಚಿಪ್ಪು ಆರಿಸಿ ಬದುಕುವ ಅಕ್ಕಪಕ್ಕದವರ ಹೊಟ್ಟೆಪಾಡೂ ಇದರಲ್ಲಿದೆ, ಅಲ್ವಾ?

ಪರೀಕ್ಷೆ ಸುಲಭ. ಉದ್ದದ ಪೈಪನ್ನು ಪಂಜರದ ಪಕ್ಕ ಕೆಸರಿಗೆ ಚುಚ್ಚಿ, ಮೇಲಿನ ಬಾಯಿ ಅಂಗೈಯಿಂದ ಮುಚ್ಚಿ ಎತ್ತಿ. ಸ್ವಲ್ಪ ದೂರದಿಂದಲೂ ಹಾಗೇ ತೆಗೆದು ಹೋಲಿಸಿ. ಅಳಿವೆಯ ಕೆಸರು ಸಹಜವಾಗಿಯೇ ಸ್ವಲ್ಪ ಕಪ್ಪಿರುತ್ತದೆ, ಹಾಗಾಗಿ ಈ ಹೋಲಿಕೆ ಬೇಕೇ ಬೇಕು. ಪಂಜರದ ಪಕ್ಕದ್ದು ಮಾತ್ರ ಕಡುಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಆಹಾರ ಜಾಸ್ತಿಯಾಗಿದೆ ಎಂದೇ ಅರ್ಥ.

ಆಹಾರವಾಗಿ ಕತ್ತರಿಸಿದ ಬೂತಾಯಿ ಮೀನನ್ನು ಒಮ್ಮೆಲೇ ಸುರಿಯಬೇಡಿ. ಸ್ವಲ್ಪ ಸ್ವಲ್ಪ ಹಾಕಿ, ಮೀನು ಮೇಲೆ ಬರುವುದು ನಿಂತಾಗ ನಿಲ್ಲಿಸಿ. ತೇಲುವ ಗುಳಿಗೆ ಆಹಾರವಾದರೆ ಎಷ್ಟು ಉಳಿಯಿತು ಎಂದು ಕಣ್ಣಿಗೇ ಕಾಣುತ್ತದೆ.

ಅಷ್ಟಮಿಯ ಆಸುಪಾಸಿನಲ್ಲಿ ಸಮುದ್ರದ ಉಬ್ಬರ-ಇಳಿತ ಸಣ್ಣದು, ಸೆಳೆತವೂ ಕಡಿಮೆ, ಆಗ ಆಹಾರವನ್ನೂ ಕಡಿಮೆ ಮಾಡಿ. ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ. ಮೀಟರ್ ಇದ್ದವರು ಆಗಲೇ ಅಳೆಯಿರಿ. ಲೀಟರಿಗೆ 4 ಮಿಲಿಗ್ರಾಂಗಿಂತ ಇಳಿದರೆ ಆ ದಿನ ಆಹಾರ ಬೇಡ.

ಬಲೆಗೆ ಅಂಟಿದ ಪಾಚಿ, ಚಿಪ್ಪನ್ನು ದಡದಲ್ಲೇ ಉಜ್ಜಿ ತೆಗೆಯಿರಿ. ಮೀನು ಹಿಡಿದ ಮೇಲೆ ಪಂಜರವನ್ನು ಬೇರೆ ಜಾಗಕ್ಕೆ ಸರಿಸಿ, ಹಳೆಯ ಜಾಗವನ್ನು ಕೆಲವು ತಿಂಗಳು ಖಾಲಿ ಬಿಡಿ. ನಾರ್ವೆಯ ಸಾಲ್ಮನ್ ಸಾಕಣೆಯಲ್ಲೂ ಹೀಗೆ ಜಾಗ ಖಾಲಿ ಬಿಡುತ್ತಾರೆ.